ಗೋರಿ ದಾಟುವ ನೀರು

ಅರಬೈಲ್ ಘಟ್ಟದ ಹಳೆಯ ಗಾಡಿದಾರಿಯಲ್ಲಿ ಗೋರಿಗಳ ತಿರುವು ಬಂದಾಗ, ನೀರು ಹೊತ್ತವರು ಅಲ್ಲಿನ ಕಲ್ಲೊಂದರ ಮೇಲೆ ಒಂದು ಬೊಗಸೆ ಬಿಟ್ಟೇ ಮುಂದೆ ಹೋಗಬೇಕು. ತಲೆತಲಾಂತರದಿಂದ ಬಂದ ಈ ಕಟ್ಟಳೆಯ ಬಗ್ಗೆ ನನಗೆ ಕೊಟ್ಟ ನಕ್ಷೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಇದ್ದಿದ್ದರೆ ಆ ಬೇಸಿಗೆಯಲ್ಲಿ ನಾನು ಅಷ್ಟು ಜನರ ಮೇಲೆ ಹಾರಾಡುತ್ತಿರಲಿಲ್ಲ.

ಕೆಲಸವೇನೋ ಸರಳ. ಘಟ್ಟದ ಇಳಿಜಾರಿನಲ್ಲಿ ರೈತ ಕುಟುಂಬಗಳ ಒಂದು ಸಣ್ಣ ಕೇರಿ. ಮಾರ್ಚ್ ಮುಗಿಯುವ ಹೊತ್ತಿಗೆ ಅಲ್ಲಿನ ಬಾವಿಯ ತಳದಲ್ಲಿ ಕೆಸರು ಮಾತ್ರ ಉಳಿಯುತ್ತಿತ್ತು. ಮೇಲೆ, ತೋಟದ ಯಜಮಾನರೊಬ್ಬರು ಗೊಬ್ಬರಕ್ಕೆ ಸೊಪ್ಪು ಕಡಿಯುವ ಸೊಪ್ಪಿನಬೆಟ್ಟದ ಅಂಚಿನಲ್ಲಿ, ಬೇಸಿಗೆಯಲ್ಲೂ ಬತ್ತದ ಒರತೆಯೊಂದಿತ್ತು. ಅದನ್ನು ಕಟ್ಟಿ, ನೀರನ್ನು ಕಪ್ಪು ಪೈಪಿನಲ್ಲಿ ಗಾಡಿದಾರಿಗುಂಟ ಇಳಿಸಿ, ಮನೆಮನೆಗೆ ನಲ್ಲಿ ಕೊಡಬೇಕು. ಪಂಪಿಲ್ಲ, ಕರೆಂಟಿಲ್ಲ, ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ನಮ್ಮ ಕಡೆ ಇದಕ್ಕೆ ಅಬ್ಬಿ ನೀರು ಎನ್ನುತ್ತಾರೆ. ಸಿದ್ದಾಪುರದವಳಾದ ನಾನು ಅಂಥ ನೀರು ಕುಡಿದೇ ಬೆಳೆದವಳು. ಶಿರಸಿಯ ಕಚೇರಿಯಲ್ಲಿ ಇಂಜಿನಿಯರಾಗಿದ್ದ ನನಗೆ ಮೇಲಧಿಕಾರಿ ಈ ಕೆಲಸ ಒಪ್ಪಿಸಿದಾಗ, ಮಳೆಗಾಲದೊಳಗೆ ಮುಗಿಸಿಯೇ ಸೈ ಎಂದು ಬೀಗಿದ್ದೆ. ಮಳೆ ಹಿಡಿದರೆ ಆ ಇಳಿಜಾರಿನಲ್ಲಿ ತೋಡಿದ ಮಣ್ಣು ನಿಲ್ಲುವುದಿಲ್ಲ, ಕೆಲಸ ಮತ್ತೊಂದು ವರ್ಷಕ್ಕೆ ಹೋಗುತ್ತದೆ.

ದಾರಿ ಅಳೆಯಲು ಹೋದ ಮೊದಲ ದಿನವೇ ಕೇರಿಯ ಹೆಂಗಸೊಬ್ಬಳು ಎದುರಾದಳು. ಮೇಲಿನ ಜಿನುಗಿನಲ್ಲಿ ತುಂಬಿಸಿಕೊಂಡ ಕೊಡಪಾನ ಎಡ ಸೊಂಟದ ಮೇಲೆ, ಬಲಗೈಯಲ್ಲಿ ಹಿತ್ತಾಳೆಯ ತಂಬಿಗೆ. ಮುಂದೆ ಬಸಿರು. ನಮ್ಮ ಟೇಪಿಗೆ ದಾರಿ ಬಿಟ್ಟು ಓರೆಯಾಗಿ ನಿಂತಳು.

"ಎಷ್ಟು ತಿಂಗಳು?" ಎಂದೆ.

"ಆರು ತುಂಬ್ತು ಅಕ್ಕೋರೆ."

"ಭಾರ ಎತ್ತಬಾರದು ಅಂತ ಡಾಕ್ಟ್ರು ಹೇಳಲಿಲ್ವಾ?"

"ಹೇಳಿದ್ರು. ನೀರು ಹೊರೂದು ಯಾರು ಅಂತ ಹೇಳ್ಲಿಲ್ಲ."

ಟೇಪು ಕೆಳಗಿಟ್ಟು ಅವಳ ಮನೆಯ ಸಂಗತಿ ಕೇಳಿದೆ. ಗಂಡ ಲಾರಿ ಡ್ರೈವರು, ವಾರಕ್ಕೊಮ್ಮೆ ಮನೆ. ಅತ್ತೆಗೆ ಮಂಡಿನೋವು. ಈ ಹಿಂದೆ ಎರಡು ಬಸಿರು ನಿಂತಿರಲಿಲ್ಲ ಎಂದು ಕೇರಿಯ ಆಶಾ ಕಾರ್ಯಕರ್ತೆ ಆಮೇಲೆ ಹೇಳಿದರು. ಅಲ್ಲಿಂದ ಮುಂದೆ ಮಳೆಗಾಲದ ಗಡುವಿಗಿಂತ ಆ ಹೆಂಗಸಿನ ತಿಂಗಳುಗಳೇ ನನ್ನ ತಲೆಯಲ್ಲಿ ಓಡುತ್ತಿದ್ದವು.

ಪೈಪಿನ ದಾರಿಯ ನಡುವೆ ಸಿಗುವುದೇ ಆ ಸ್ಮಶಾನ. ಹುಬ್ಬಳ್ಳಿ ಕಡೆಯ ಹತ್ತಿಯ ಗಾಡಿಗಳನ್ನು ಕರಾವಳಿಯ ಬಂದರಿಗೆ ಇಳಿಸಲೆಂದು ಬ್ರಿಟಿಷರ ಕಾಲದಲ್ಲಿ ಈ ಘಟ್ಟವನ್ನು ಮೊದಲು ಕಡಿದವರಲ್ಲಿ ಜ್ವರಕ್ಕೆ ಸಿಕ್ಕಿ ಸತ್ತ ದೊರೆಗಳ ಗೋರಿಗಳು. ಎದೆಯೆತ್ತರದ ಚಿರೆಕಲ್ಲಿನ ಗೋಡೆ, ಒಳಗೆ ಕೆಲವೇ ಕರಿಕಲ್ಲಿನ ಹಾಸುಗಳು. ಒಂದು ಹಾಸನ್ನು ಮರದ ಬೇರು ಬುಡದಿಂದ ಎತ್ತಿ ವಾಲಿಸಿದೆ. ಇನ್ನೊಂದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಮಳೆ ನೆಕ್ಕಿಬಿಟ್ಟಿದೆ. ಬೆರಳಾಡಿಸಿದರೆ ‘ಜ್ವರ’ ಎಂಬ ಒಂದು ಪದ ಮಾತ್ರ ಸಿಗುತ್ತದೆ, ಹೆಸರು ಸಿಗುವುದಿಲ್ಲ. ಸತ್ತವರ ಹೆಸರು ಹೋಗಿ ಸಾಯಿಸಿದ್ದರ ಹೆಸರು ಉಳಿದಿತ್ತು.

ದೆವ್ವದ ಕಥೆಗಳಿಗೆ ಅಲ್ಲಿ ಬರವಿರಲಿಲ್ಲ. ಬಸಿರಿಯಾಗಿದ್ದ ದೊರೆಸಾನಿ ಜ್ವರ ಏರಿ, ನೀರು ನೀರು ಎನ್ನುತ್ತಲೇ ಹೋದಳಂತೆ. ದೊರೆ ಕುದುರೆ ಹತ್ತಿ ಕೆಳಗಿನ ಹಳ್ಳಕ್ಕೆ ಹೋಗಿ ಬರುವಷ್ಟರಲ್ಲಿ ಪ್ರಾಣ ಹೋಗಿತ್ತಂತೆ. ಅಂದಿನಿಂದ ಆ ತಿರುವಿನಲ್ಲಿ ನೀರಿನ ವಾಸನೆ ಬಂದರೆ ಅವಳು ಎದ್ದು ಕೂರುತ್ತಾಳೆ. ಲಾರಿಯವರ ಕಥೆ ಬೇರೆ: ಅವರ ದೊರೆಸಾನಿ ರೇಡಿಯೇಟರಿಗೆ ಬಾಯಿ ಹಚ್ಚುತ್ತಾಳೆ. ಅದಕ್ಕೇ ಘಟ್ಟದ ಆ ಏರಿನಲ್ಲಿ ಇಂಜಿನ್ ಕುದಿಯುವುದು! ಈಗಲೂ ಕೆಲವರು ಲಾರಿ ನಿಲ್ಲಿಸಿ ಬಾಟಲಿಯ ನೀರು ಚೆಲ್ಲಿಯೇ ಗೇರು ಹಾಕುತ್ತಾರೆ. ಕೇರಿಯ ಹೆಂಗಸರದು ಇನ್ನೂ ಖಚಿತ: ಬಿಡದೆ ದಾಟಿದರೆ ಆ ಮನೆಯ ಬಸಿರು ನಿಲ್ಲುವುದಿಲ್ಲ.

ನೀರು ಬಿಡುವ ಕಲ್ಲು ಗೋಡೆಯ ಒಳಗಿರಲಿಲ್ಲ, ಹೊರಗೆ ದಾರಿಯ ಪಕ್ಕದಲ್ಲಿತ್ತು. ಕೆತ್ತನೆಯಿಲ್ಲದ ಚಪ್ಪಟೆ ಬಂಡೆ. ಏಪ್ರಿಲ್ ತಿಂಗಳಲ್ಲಿ ಸುತ್ತಲಿನ ನೆಲ ಇಟ್ಟಿಗೆಯಂತೆ ಕಾದಿದ್ದರೆ ಆ ಬಂಡೆಯ ಸುತ್ತ ಮಾತ್ರ ಪಾಚಿ, ಎಳೆ ಜರಿಗಿಡ, ಸಾಲುಗಟ್ಟಿ ನೀರು ಹೀರುವ ಜೇನ್ನೊಣ. ಬಂಡೆಯ ಮೇಲೆ ಬಳೆಯಂಥ ಗುರುತುಗಳಿದ್ದವು, ಒಂದರ ಮೇಲೊಂದು, ಕೆಲವು ಬೆರಳಿನ ಗೆಣ್ಣು ಮುಳುಗುವಷ್ಟು ಆಳ. ಯಾರೋ ಒರಳು ಕಡಿಯಲು ಹೊರಟು ಬಿಟ್ಟಿರಬೇಕು ಎಂದುಕೊಂಡು ಟೇಪು ಸುತ್ತಿದೆ.

ಗೋಡೆಯೊಳಗೆ ಗುದ್ದಲಿ ಊರಬಾರದೆಂದು ಮೊದಲೇ ಅಪ್ಪಣೆಯಾಗಿತ್ತು. ಹಾಗಾಗಿ ಪೈಪು ಗೋಡೆಯ ಹೊರಗೆ, ದಾರಿಯ ಅಂಚಿನಲ್ಲಿ ಹಾದುಹೋಗಬೇಕು. ಅಲ್ಲಿ ದಾರಿ ಕೊಂಚ ತಗ್ಗಿದೆ; ತಗ್ಗಿನಲ್ಲಿ ಕೆಸರು ಕೂರುತ್ತದಾದ್ದರಿಂದ ಅದನ್ನು ಹೊರಗೆ ಬಿಡಲು ಒಂದು ಗೇಟ್ ವಾಲ್ವ್ ಬೇಕು. ಅದು ಸರಿಯಾಗಿ ಆ ಬಂಡೆಯ ಪಕ್ಕಕ್ಕೇ ಬಂತು.

ಕೆಲಸದವರು ಹಾವೇರಿ ಕಡೆಯವರು. ಅವರ ಮೇಸ್ತ್ರಿ ನಡುವಯಸ್ಸಿನವ, ಪೈಪು ಬೆಸೆಯುವುದರಲ್ಲಿ ಪಳಗಿದ ಕೈ. ಎರಡು ತುದಿಗಳನ್ನು ಬಿಸಿ ತಟ್ಟೆಗೆ ಒತ್ತಿ ಕರಗಿಸಿ, ತಟ್ಟೆ ಸರಿಸಿದ ಕ್ಷಣವೇ ಒಂದಕ್ಕೊಂದು ಅದುಮಬೇಕು. ಸುತ್ತಲೂ ಸಮನಾದ ತುಟಿ ಎದ್ದರೆ ಜಾಯಿಂಟು ಸರಿ. ಒಂದು ಬದಿ ದಪ್ಪ ಒಂದು ಬದಿ ತೆಳ್ಳಗಾದರೆ ಕತ್ತರಿಸಿ ಮತ್ತೆ ಮಾಡಬೇಕು. ಅವನು ಅಂಥದನ್ನು ತಾನೇ ಕತ್ತರಿಸಿ ಎಸೆಯುತ್ತಿದ್ದ, ನಾನು ಹೇಳಬೇಕಾಗಿರಲಿಲ್ಲ. ಒಂದೇ ತೊಂದರೆ ಎಂದರೆ ಗೋರಿಗಳ ಹತ್ತಿರ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ, ಸೂರ್ಯ ವಾಲುತ್ತಿದ್ದಂತೆ ಸಾಮಾನು ಕಟ್ಟುತ್ತಿದ್ದ. "ದೆವ್ವದ ಮಾತು ಆಡಿದವರಿಗೆ ಇಲ್ಲಿ ಕೆಲಸವಿಲ್ಲ" ಎಂದು ನಾನು ಕೇರಿಯ ಜನರೆದುರೇ ಗದರಿದ್ದೆ.

ಪೈಪು ಇಳಿದು ಮುಗಿಯಿತು. ಮಣ್ಣು ಮುಚ್ಚುವ ಮೊದಲು ಒತ್ತಡ ಪರೀಕ್ಷೆ ಆಗಬೇಕು. ಎರಡೂ ತುದಿ ಬಂದ್ ಮಾಡಿ, ನೀರು ತುಂಬಿ, ಒಳಗಿನ ಗಾಳಿಯನ್ನೆಲ್ಲ ಬಿಟ್ಟು, ಕೈಪಂಪಿನಿಂದ ಒತ್ತಡ ಏರಿಸುವುದು. ಕಪ್ಪು ಪೈಪು ಮೊದಮೊದಲು ಒಂದಿಷ್ಟು ಹಿಗ್ಗುವುದರಿಂದ ಮಾಪಕದ ಮುಳ್ಳು ಕೊಂಚ ಇಳಿಯುವುದು ಸಹಜ. ಮತ್ತೆ ಪಂಪು ಹೊಡೆದು ಏರಿಸಿ ಬಿಟ್ಟರೆ ಬೆಳಗಿನವರೆಗೂ ಮುಳ್ಳು ಅಲುಗಬಾರದು. ಸಂಜೆ ನಿಂತ ಮುಳ್ಳನ್ನು ನೋಡಿ ಖುಷಿಯಿಂದ ಯಲ್ಲಾಪುರಕ್ಕೆ ಹೋಗಿ ಮಲಗಿದೆ. ಬೆಳಿಗ್ಗೆ ಬಂದು ನೋಡಿದರೆ ಮುಳ್ಳು ಕುಸಿದು ಬಿದ್ದಿತ್ತು.

ಸೋರಿಕೆ ಹುಡುಕಿದೆವು. ಜಾಯಿಂಟುಗಳಿಗೆ ಸೋಪಿನ ನೊರೆ ಬಳಿದೆವು, ತೋಡಿನ ಮಣ್ಣನ್ನು ಅಂಗೈಯಲ್ಲಿ ಹಿಸುಕಿ ನೋಡಿದೆವು. ಎಲ್ಲೆಡೆ ಒಣಮಣ್ಣು. ಮತ್ತೆ ಒತ್ತಡ ಏರಿಸಿದೆವು, ಮತ್ತೆ ಕುಸಿಯಿತು. ಮಾಪಕವೇ ಕೆಟ್ಟಿರಬೇಕೆಂದು ಹೊಸದನ್ನು ತರಿಸಿದೆ. ಅದೂ ಹಾಗೇ ಮಾಡಿತು.

ಮೇಸ್ತ್ರಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮೇಡಮ್ಮಾರ, ಸಿಟ್ಟಾಗಬ್ಯಾಡ್ರಿ. ಪೈಪು ಸೋರಾಕತ್ತಿಲ್ರೀ. ಯಾರೋ ಕುಡ್ಯಾಕತ್ತಾರ."

ಸಿಟ್ಟಾಗಬೇಡ ಎಂದರೆ ನನಗೆ ಸಿಟ್ಟು ಇಮ್ಮಡಿ. ಆದರೆ ಬೈಯಲು ಕೈಯಲ್ಲಿ ಉತ್ತರವಾದರೂ ಇರಬೇಕಲ್ಲ. ಪೈಪನ್ನು ತುಂಡು ಮಾಡಿ ಪರೀಕ್ಷಿಸಲು ಹೊರಟೆ. ಒರತೆಯಿಂದ ಗೋರಿಯ ಮೇಲಿನವರೆಗೆ ಒಂದು ಭಾಗ, ಗೋರಿಯಿಂದ ಕೆಳಗೆ ಕೇರಿಯವರೆಗೆ ಒಂದು ಭಾಗ, ನಡುವೆ ಗೋರಿಯ ತಿರುವಿನದು ಪುಟ್ಟ ಭಾಗ. ಮೇಲಿನದು ಕಲ್ಲಿನಂತೆ ನಿಂತಿತು. ಕೆಳಗಿನದೂ ನಿಂತಿತು. ನಡುವಿನ ತುಂಡು ಮಾತ್ರ ಕೈಕೊಟ್ಟಿತು. ಬೆಟ್ಟ ಅಗೆದು ಇಲಿ ಹಿಡಿದಿದ್ದರೂ ಸಮಾಧಾನವಿತ್ತು, ಇಲ್ಲಿ ಇಲಿಯೂ ಇಲ್ಲ. ಕೆಲಸದವರಲ್ಲಿ ಇಬ್ಬರು ಅಂದೇ ಗಂಟು ಕಟ್ಟಿ ಹಾವೇರಿಯ ಬಸ್ಸು ಹತ್ತಿದರು.

ಸುದ್ದಿ ಬೆಟ್ಟ ಹತ್ತಲು ಎಷ್ಟು ಹೊತ್ತು? ಒರತೆಯ ಹತ್ತಿರ ತೋಟದ ಯಜಮಾನರು ಎಲೆಯಡಿಕೆಯ ಕವಳ ಜಗಿಯುತ್ತ ಸಿಕ್ಕಿದರು. "ಎಂತ ತಂಗಿ, ದೊರೆಸಾನಿ ಪೈಪಿಗೇ ಬಾಯಿ ಹಚ್ಚಿದ್ದಾ ಹೆಂಗೆ?"

"ನೀವೂ ನಗಿ ಯಜಮಾನ್ರೇ, ನೀವೊಬ್ರು ಬಾಕಿ ಇದ್ರಿ."

"ನಗೆ ಅಲ್ದೇ. ಎಂಗ್ಳ ಆಯಿ ಮಜ್ಜಿಗೆ ತಗಂಡು ಹೋಪಕಾದ್ರೂ ಅಲ್ಲಿ ಒಂದು ಹನಿ ಬಿಡ್ತಿತ್ತು. ಎಂತಕ್ಕೆ ಕೇಳಿದ್ರೆ, ಬಾಯಾರಿದವ್ಕೆ ಹೆಸರು ಕೇಳಲಾಗ ಹೇಳ್ತಿತ್ತು."

ಬಾಯಾರಿದವರ ಹೆಸರು ಕೇಳಬಾರದೆಂಬ ತಾಯಿಯ ಮಾತನ್ನು ಅವರೂ ನಂಬುತ್ತಾರೋ ಇಲ್ಲವೋ ತಿಳಿಯಲಿಲ್ಲ. ಕೇಳಿದರೆ, "ಆನು ನಂಬ್ತ್ನಿಲ್ಲೆ. ಬಿಡದೇ ದಾಟದೂ ಇಲ್ಲೆ" ಎಂದು ಕವಳ ಉಗುಳಲು ಎದ್ದು ಹೋದರು.

ಆ ಮಧ್ಯಾಹ್ನ ನಡುವಿನ ತುಂಡಿಗೆ ಒತ್ತಡ ಏರಿಸಿ, ಮಾಪಕವನ್ನು ನನ್ನ ಕಣ್ಣಿಗೆ ಬೀಳುವಂತೆ ಕಟ್ಟಿ, ಗೋಡೆಯ ಒಳಬದಿಯಲ್ಲಿ ವಾಲಿದ ಗೋರಿಯ ಪಕ್ಕ ಕುಳಿತೆ. ಕೆಲಸದವರನ್ನು ಕಳಿಸಿಬಿಟ್ಟೆ. ಹೆದರಿಕೆಯಾಗಲಿಲ್ಲವೇ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ಆಗಿತ್ತು. ಬಿಸಿಲು ಇಳಿಯುತ್ತ ಹೋದಂತೆ ಲಾರಿಗಳ ಸದ್ದು ಮೇಲಿನ ರಸ್ತೆಯಲ್ಲೇ ಉಳಿದು, ಈ ಹಳೆಯ ದಾರಿಯಲ್ಲಿ ಜೇನ್ನೊಣದ ಗುಂಯ್ ಮಾತ್ರ ಕೇಳುತ್ತಿತ್ತು. ಮಂಗಟ್ಟೆ ಹಕ್ಕಿಯೊಂದು ಮೇಲೆ ಹಾರಿದಾಗ ರೆಕ್ಕೆಯ ಸದ್ದಿಗೆ ಬೆಚ್ಚಿ ಗೋಡೆಗೆ ಒರಗಿದೆ. ಯಾವುದೋ ದೇಶದಿಂದ ಬಂದು, ಹೆಸರೂ ಉಳಿಯದೆ ಮಲಗಿದವರ ನಡುವೆ ಒಂದು ಮುಳ್ಳು ಕಾಯುತ್ತ ಕುಳಿತಿರುವ ನನ್ನನ್ನು ನೋಡಿ ನನಗೇ ನಗು ಬಂತು. ಮುಳ್ಳು ಅಲುಗಲಿಲ್ಲ.

ಹೊತ್ತು ಮುಳುಗುವ ಮೊದಲು ಕೇರಿಯ ಆ ಬಸಿರಿ ಹೆಂಗಸು ಬಂದಳು. ಸೊಂಟದ ಕೊಡಪಾನವನ್ನು ಬಂಡೆಯ ಮೇಲೆ ಇಳಿಸಿದಾಗ ಅದರ ತಳ ಹೋಗಿ ಒಂದು ಬಳೆಯ ಗುರುತಿನಲ್ಲಿ ಸರಿಯಾಗಿ ಕೂತಿತು. ಒರಳಲ್ಲ! ಎಷ್ಟು ತಲೆಮಾರಿನ ಹೆಂಗಸರು ಅಲ್ಲಿ ಕೊಡ ಇಳಿಸಿರಬೇಕು, ಎಷ್ಟು ಸಲ ಇಳಿಸಿದರೆ ತಾಮ್ರದ ಅಂಚಿಗೆ ಕರಿಕಲ್ಲು ಸವೆದೀತು?

ಅವಳು ಕೊಡದಿಂದ ಒಂದು ಬೊಗಸೆ ತೆಗೆದು ಬಂಡೆಗೆ ಬಿಟ್ಟಳು. ಆಮೇಲೆ ಕಷ್ಟಪಟ್ಟು ಕುಕ್ಕರಗಾಲಿನಲ್ಲಿ ಕುಳಿತು, ನಮ್ಮ ವಾಲ್ವಿನ ಚಕ್ರ ಹಿಡಿದು ತುಸುವೇ ತಿರುಗಿಸಿದಳು. ಪೈಪಿನ ನೀರು ಚಿಮ್ಮಿ ತಂಬಿಗೆ ತುಂಬಿತು. ತಕ್ಷಣ ಚಕ್ರವನ್ನು ಬಿಗಿಯಾಗಿ ಮುಚ್ಚಿದಳು, ನನ್ನ ಮೇಸ್ತ್ರಿ ಮುಚ್ಚುವಷ್ಟೇ ಬಿಗಿಯಾಗಿ. ತಂಬಿಗೆಯ ನೀರನ್ನೂ ಬಂಡೆಗೆ ಸುರಿದು ಕೈ ಮುಗಿದಳು. ಮಾಪಕದ ಮುಳ್ಳು ಪಟಕ್ಕನೆ ಬಿದ್ದಿತ್ತು.

ತುಂಬಿದ ಪೈಪಿನಲ್ಲಿ ನೀರು ಗಾಳಿಯಂತೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಒಂದು ತಂಬಿಗೆ ಹೊರಬಂದರೂ ಒತ್ತಡ ಉಳಿಯುವುದಿಲ್ಲ. ಓದುವಾಗಲೇ ಕಲಿತ ಪಾಠ ಇದು. ಸೋರಿಕೆ ಹುಡುಕಿದಾಗ ಎಲ್ಲ ಕಡೆ ಮಣ್ಣು ಹಿಸುಕಿ ನೋಡಿದ ನಾವು ಬಂಡೆಯ ಬುಡವನ್ನು ನೋಡಿರಲಿಲ್ಲ. ಅದು ಯಾವಾಗಲೂ ಒದ್ದೆಯೇ.

ನಾನು ಎದ್ದು ನಿಂತದ್ದೇ ತಡ, ಅವಳು ಕಿಟಾರನೆ ಕಿರುಚಿದಳು. ಗೋರಿಯ ಪಕ್ಕದಿಂದ ಒಂದು ಹೆಣ್ಣು ಎದ್ದರೆ ಆ ಜಾಗದಲ್ಲಿ ಯಾರು ತಾನೇ ಕಿರುಚುವುದಿಲ್ಲ! ಓಡಿಹೋಗಿ ಅವಳ ತೋಳು ಹಿಡಿದು ಬಂಡೆಯ ಮೇಲೆ ಕೂರಿಸಿದೆ.

"ಇದನ್ನ ನೀನೇ ದಿನಾ ಮಾಡ್ತಿದ್ದೀಯಾ ತಂಗಿ?"

"ಬೈಬೇಡಿ ಅಕ್ಕೋರೆ. ಪೈಪಿನ ನೀರು ಹಾಗೇ ದಾಟಿ ಹೋತದೆ ಅಲ್ಲಾ? ಯಾರಾದ್ರೂ ಬಿಡಬೇಕಲ್ಲ."

"ನಿನ್ನ ಕೊಡದಿಂದ ಬಿಟ್ಟಿದ್ದೀಯಲ್ಲ, ಸಾಲದಾ?"

"ಅದು ನನ್ನ ಕೊಡದ್ದು. ಪೈಪಿಂದು ಪೈಪೇ ಕೊಡಬೇಕು. ಅದಕ್ಕೆ ಕೈ ಇಲ್ಲ, ನಾ ಕೊಟ್ಟೆ." ತಲೆ ತಗ್ಗಿಸಿ ಸೆರಗು ತಿರುವಿದಳು. "ಮದುವೆಯಾದ ಹೊಸತು, ಒಂದಿನ ಬೀಳೂ ಮಳೆಗೆ ಹೆದರಿ ಬಿಡದೇ ಓಡಿಹೋಗಿದ್ದೆ. ಅತ್ತೆ ಅದನ್ನ ಮರೀಲಿಲ್ಲ. ಎರಡು ಹೋಯ್ತಲ್ಲ... ಇದೊಂದು ಉಳೀಲಿ ಅಂತ."

ಮಗು ಹೋಗುವುದಕ್ಕೂ ನೀರು ಬಿಡುವುದಕ್ಕೂ ಏನೂ ಸಂಬಂಧವಿಲ್ಲ ಎಂದು ಹೇಳಿದೆ. ಭಾರ ಹೊರುವುದಕ್ಕಿದೆ ಎಂದೂ ಹೇಳಿದೆ. ಅವಳು ಹೌದು ಹೌದು ಎಂದು ತಲೆಯಾಡಿಸಿದಳು. ನನ್ನ ಮಾತು 'ಪಾಪ, ಬುದ್ಧಿ ಹೇಳ್ತಾರೆ' ಎಂಬಲ್ಲಿಗಷ್ಟೇ ತಲುಪಿತ್ತು. ವಾಲ್ವಿನ ಚಕ್ರ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡರೆ ಮಾರನೆಯ ದಿನವೇ ಪರೀಕ್ಷೆ ಪಾಸು, ನನ್ನ ಕೆಲಸ ಮುಗಿದಂತೆ. ಆದರೆ ಗೋರಿಗೆ ಕೊಡದೆ ದಾಟಿದ ನೀರನ್ನು ಅವಳು ನಲ್ಲಿಯಿಂದ ಹಿಡಿಯುತ್ತಿರಲಿಲ್ಲ. ಕೊಡಪಾನ ಹೊತ್ತು ಮತ್ತೆ ಇದೇ ದಾರಿ ಹತ್ತುತ್ತಿದ್ದಳು. ಹಾಗಾದರೆ ಈ ಪೈಪು ಯಾರಿಗೆ?

ಅಲ್ಲೇ ಬಂಡೆಯ ಮೇಲೆ, ಅವಳ ಪಕ್ಕದಲ್ಲೇ ಕುಳಿತು ಯೋಚಿಸಿದೆ. ಅಷ್ಟು ಎತ್ತರದಿಂದ ನೀರು ಒಂದೇ ಉಸಿರಿಗೆ ಇಳಿದರೆ ಕೆಳಗಿನ ಪೈಪು ಒಡೆಯುತ್ತದೆ. ನಡುವೆ ಎಲ್ಲಾದರೂ ನೀರನ್ನು ತೆರೆದ ತೊಟ್ಟಿಗೆ ಬೀಳಿಸಿ, ಅದರ ಜೋರು ಇಳಿಸಿ, ಮತ್ತೆ ಪೈಪಿಗೆ ಬಿಡಬೇಕು. ನಕ್ಷೆಯಲ್ಲಿ ಆ ತೊಟ್ಟಿ ಒರತೆಯ ಸಮೀಪದ ತಿರುವಿನಲ್ಲಿತ್ತು, ಇನ್ನೂ ಕಟ್ಟಿರಲಿಲ್ಲ. ಅದನ್ನು ಇಲ್ಲಿಗೇ ತಂದರೆ? ಕೇರಿಯವರೆಲ್ಲ ನಲ್ಲಿ ಮುಚ್ಚಿ ಮಲಗಿದಾಗ ತೊಟ್ಟಿ ತುಂಬಿ, ಹೆಚ್ಚಾದ ನೀರು ಈ ಬಂಡೆಯ ಮೇಲೆ ಬೀಳುತ್ತದೆ. ಪೈಪಿಗೆ ಕೈ ಬಂದಂತಾಗುತ್ತದೆ! ಎತ್ತರಗಳನ್ನು ಹಾಕಿ ಲೆಕ್ಕ ಮಾಡಿದರೆ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಒತ್ತಡ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಯಿತು. ನಕ್ಷೆಯಲ್ಲಿದ್ದ ಜಾಗಕ್ಕಿಂತ ಇದೇ ಒಳ್ಳೆಯ ಜಾಗ. ಮೊದಲು ನಂಬಿಕೆಯೇ ಬರಲಿಲ್ಲ, ಎರಡನೆಯ ಸಲ ಲೆಕ್ಕ ಮಾಡಿದೆ.

ಮೇಲಧಿಕಾರಿಗೆ ಫೋನಿನಲ್ಲಿ ನಡೆದದ್ದೆಲ್ಲ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. "ಒತ್ತಡ ಸರಿಹೋಗುತ್ತೆ ಅಂದ್ರೆ ತೊಟ್ಟಿ ಎಲ್ಲಿ ಬೇಕಾದ್ರೂ ಕಟ್ಟಮ್ಮ. ಹೆಚ್ಚಿನ ನೀರು ಯಾರ ಬಾಯಿಗೆ ಬೀಳುತ್ತೆ ಅಂತ ನನ್ನ ಕೇಳಬೇಡ" ಎಂದರು. ನಾನು ಗೆದ್ದೆ ಎಂದುಕೊಂಡು ಕೇರಿಗೆ ಇಳಿದು, ಅವಳ ಮನೆಯ ಜಗಲಿಯಲ್ಲಿ ಹೆಂಗಸರನ್ನು ಸೇರಿಸಿ ವಿವರಿಸಿದೆ.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ ಅತ್ತೆ ಅಡ್ಡ ಬಂದಳು. ಮಂಡಿ ಉಜ್ಜಿಕೊಳ್ಳುತ್ತ ಕೇಳಿದಳು: "ನಾವು ಕುಡಿದು ಉಳಿದದ್ದು ಅವ್ರಿಗಾ?"

"ಉಳಿದದ್ದು ಅಂತಲ್ಲ ಅಮ್ಮಾ, ಹೆಚ್ಚಾದದ್ದು."

"ಎರಡೂ ಒಂದೇಯ. ಎಡೆ ಇಡೂದು ಮೊದಲಿಂದು. ಉಂಡು ಮಿಕ್ಕಿದ್ದು ಇಟ್ರೆ ಎಡೆ ಆತದ್ಯಾ?"

ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು, ಆದರೆ ಆ ಮುದುಕಿಯ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ನನ್ನ ಮನೆಯಲ್ಲೂ ಎಡೆ ಇಡುವುದು ಬಡಿಸುವ ಮುಂಚೆಯೇ. ರಾತ್ರಿಯಿಡೀ ತೊಟ್ಟಿಯ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಬೆಳಗಾಗುವಾಗ ದಾರಿ ಸಿಕ್ಕಿತು: ಬರುವ ನೀರು ನೇರ ತೊಟ್ಟಿಗೆ ಬೀಳದೆ, ಮೊದಲು ಅದರ ತಲೆಯ ಮೇಲಿನ ಪುಟ್ಟ ಬೋಗುಣಿಗೆ ಬೀಳಬೇಕು. ಬೋಗುಣಿಯ ತಳದಲ್ಲೊಂದು ಸಣ್ಣ ತೂತು, ಅದರ ನೀರು ಬಂಡೆಗೆ. ಬೋಗುಣಿ ತುಂಬಿ ಅಂಚು ಮೀರಿದ ನೀರು ಮಾತ್ರ ತೊಟ್ಟಿಗೆ, ಅಲ್ಲಿಂದ ಕೇರಿಗೆ. ಆಗ ಮೊದಲ ಪಾಲು ಸತ್ತವರದು. ಆದರೆ ಅದು ಹಗಲಿರುಳೂ ಹರಿಯುವ ಪಾಲು, ಏಪ್ರಿಲ್ ತಿಂಗಳಲ್ಲಿ ಕೇರಿ ತನ್ನ ನೀರಿನಿಂದಲೇ ಬಿಟ್ಟುಕೊಡಬೇಕು. ಮತ್ತೆ ಕೇರಿಗೆ ಹೋಗಿ ಹೆಂಗಸರಿಗೆ ಅದನ್ನೂ ಮುಚ್ಚಿಡದೆ ಹೇಳಿದೆ.

"ತೂತು ಎಷ್ಟು ದಪ್ಪ ಇರೂದು?" ಎಂದಳು ಅತ್ತೆ. ನಾನು ಹೆಬ್ಬೆರಳು ತೋರಿಸಿದೆ. ಅವಳು ನನ್ನ ಕೈಯನ್ನೇ ಹಿಡಿದು ಕಿರುಬೆರಳಿನ ತುದಿ ಎತ್ತಿ ತೋರಿಸಿದಳು. "ಇಷ್ಟು ಸಾಕು. ಅವ್ರಿಗೂ ಬದುಕಿದ್ದವ್ರ ಕಷ್ಟ ಗೊತ್ತದೆ."

ತೊಟ್ಟಿಗೆ ಬುನಾದಿ ತೋಡಲು ಬಂಡೆಯ ಹಿಂದಿನ ಸಮತಟ್ಟು ಜಾಗವನ್ನು ಗುರುತು ಮಾಡಿದೆ. ಗೋಡೆಯ ಹೊರಗೆ, ಗೋರಿಗಳಿಂದ ಸಾಕಷ್ಟು ದೂರ. ಮೇಸ್ತ್ರಿ ಮತ್ತು ಉಳಿದ ಕೆಲಸದವರು ತರಗೆಲೆ ಸರಿಸಲು ಶುರುಮಾಡಿದರು. ಎಲೆಯ ಕೆಳಗೆ ಎಲೆ, ಅದರ ಕೆಳಗೆ ಕಪ್ಪು ಗೊಬ್ಬರ. ಆಮೇಲೆ ಒಂದು ಕಲ್ಲು, ಮೊಣಕೈಯುದ್ದದ ಒರಟು ಚಿರೆಕಲ್ಲು, ನೆಟ್ಟಗೆ ನಿಂತದ್ದು. ಅದರಾಚೆ ಇನ್ನೊಂದು. ಸಲಿಕೆ ಬಿಟ್ಟು ಕೈಯಿಂದ ಎಲೆ ಗೋರತೊಡಗಿದೆವು. ಸಾಲು ಮುಗಿಯುತ್ತದೆ ಎಂದುಕೊಂಡಲ್ಲಿ ಮತ್ತೊಂದು ಸಾಲು, ಅದರ ಹಿಂದೆ ಮತ್ತೊಂದು, ಇಳಿಜಾರಿನಲ್ಲಿ ಮರಗಳ ನಡುವೆ ಕಣ್ಣು ಹೋಗುವಷ್ಟು ದೂರ. ಯಾವುದರ ಮೇಲೂ ಒಂದಕ್ಷರವಿಲ್ಲ.

ಮೇಸ್ತ್ರಿ ಚಪ್ಪಲಿ ಬಿಟ್ಟ. ಅವನ ಮುಖದಲ್ಲಿ ಅಷ್ಟು ದಿನ ಕಂಡಿದ್ದ ಹೆದರಿಕೆ ಇರಲಿಲ್ಲ. "ನಮ್ಮೂರಾಗ ಹೆಣ ಹೂಳಿದ ಮ್ಯಾಲ ಹಿಂಗ ತಲಿ ಕಡೆ ಕಲ್ಲು ನಿಲ್ಲಸ್ತಾರ್ರೀ" ಎಂದ. "ದೊರಿ ನಕ್ಷಾ ಬರದಿರಬೇಕು. ಕಲ್ಲು ಒಡದವ್ರು, ಮಣ್ಣು ಹೊತ್ತವ್ರು ನಮ್ಮ ಕಡೆಯವರ ಇರಬೇಕ್ರಿ. ಈ ಕಾಡಾಗ ಮತ್ತ್ಯಾರು ಬರ್ತಾರ?"

ಯಾರೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಕೇರಿಯವರೂ ಹತ್ತಿ ಬಂದು ನೋಡಿದರು. ದೊರೆಸಾನಿಯ ಕಥೆ ಎಲ್ಲರಿಗೂ ಗೊತ್ತಿತ್ತು, ಇವರ ಕಥೆ ಒಬ್ಬರಿಗೂ ಗೊತ್ತಿರಲಿಲ್ಲ. ಆದರೂ ನೀರು ಬಿಡುವ ಬಂಡೆ ಇದ್ದದ್ದು ಗೋಡೆಯ ಹೊರಗೆ, ಈ ಸಾಲುಗಳ ತಲೆಯ ಮೇಲೆ. ಯಾರಿಗೆ ಎಂಬುದು ಮರೆತುಹೋದ ಮೇಲೂ ಎಷ್ಟೋ ತಲೆಮಾರಿನ ಹೆಂಗಸರು, ತಮಗೇ ನೀರಿಲ್ಲದ ಬೇಸಿಗೆಗಳಲ್ಲಿ, ಸರಿಯಾದ ಜಾಗದಲ್ಲೇ ಬೊಗಸೆ ಬಿಚ್ಚಿದ್ದರು. ದೆವ್ವವಿದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಅಂದು ಅಲ್ಲಿ ಜೋರಾಗಿ ಮಾತಾಡಲು ಮಾತ್ರ ನನ್ನಿಂದಾಗಲಿಲ್ಲ.

ಮೇಸ್ತ್ರಿ ತನ್ನ ಕುಡಿಯುವ ಬಾಟಲಿ ತಂದು ಮೊದಲ ಸಾಲಿಗೆ ಚಿಮುಕಿಸುತ್ತ ಹೋದ. ಅರ್ಧ ದಾರಿಯಲ್ಲೇ ನೀರು ಮುಗಿಯಿತು. ಉಳಿದವರು ತಮ್ಮ ತಮ್ಮ ಬಾಟಲಿ ತಂದರು.

ಅಲ್ಲಿ ತೋಡುವ ಮಾತೇ ಉಳಿಯಲಿಲ್ಲ. ಸರಿಸಿದ ಎಲೆಯನ್ನು ಮತ್ತೆ ಹರಡಿದೆವು. ದಾರಿಯ ಆಚೆ ಬದಿಯಲ್ಲಿ, ಬಂಡೆಗಿಂತ ಆಳೆತ್ತರ ಮೇಲೆ, ಒಂದು ಬರಿಬಂಡೆಯ ಚಾಚು ಇತ್ತು. ಅದರ ಮೇಲೆ ಅಗೆಯದೆಯೇ ಕಾಂಕ್ರೀಟಿನ ಸಣ್ಣ ತೊಟ್ಟಿ ನಿಲ್ಲಿಸಿದೆವು. ಸಿಮೆಂಟು, ಜಲ್ಲಿ, ಮರಳು ಎಲ್ಲವನ್ನೂ ತಲೆಹೊರೆಯಲ್ಲಿ ಇಳಿಸಬೇಕಾಯಿತು. ಬಸ್ಸು ಹತ್ತಿ ಹೋಗಿದ್ದ ಇಬ್ಬರನ್ನು ಮೇಸ್ತ್ರಿಯೇ ಫೋನು ಮಾಡಿ ಕರೆಸಿದ. "ದೆವ್ವ ಅಲ್ಲಲೇ, ನಮ್ಮ ಮಂದಿ ಅದಾರ, ಬರ್ರಿ" ಎಂದು ಅವನು ಹೇಳಿದ್ದು ನನಗೂ ಕೇಳಿಸಿತು. ಬೋಗುಣಿಯನ್ನು ಅವನೇ ಕೈಯಿಂದ ಎರಕ ಹೊಯ್ದ. ತೂತಿಗೆ ಕಿರುಬೆರಳು ಹಾಕಿ ಅಳತೆ ನೋಡಿ, ನನಗೂ ನೋಡಲು ಹೇಳಿದ. ಅದರ ನೀರು ದಾರಿ ದಾಟಿ ಬಂಡೆಗೆ ಬೀಳುವಂತೆ ತಲೆಯೆತ್ತರದಲ್ಲಿ ಒಂದು ಸಣ್ಣ ಪೈಪು ಹಾಯಿಸಿದೆವು.

ಅಷ್ಟರಲ್ಲಿ ಮೋಡ ಕಟ್ಟತೊಡಗಿತ್ತು. ಅವಳಿಗೆ ಎಂಟನೆಯ ತಿಂಗಳು ನಡೆಯುತ್ತಿತ್ತು. ಸಿಮೆಂಟು ಗಟ್ಟಿಯಾಗುವವರೆಗೆ ಕಾಯುವ ದಿನಗಳಲ್ಲಿ ನಾನು ಆಕಾಶ ನೋಡುತ್ತ, ಅವಳ ನಡಿಗೆ ನೋಡುತ್ತ ತಳಮಳಿಸಿದೆ. ಒಂದು ದಿನ ಅವಳು ದಾರಿಯ ಮಧ್ಯೆ ಕೊಡಪಾನ ಇಳಿಸಿ ಸೊಂಟ ಹಿಡಿದು ಕುಳಿತುಬಿಟ್ಟಿದ್ದಳು. ಆ ಕೊಡವನ್ನು ನಾನೇ ಹೊತ್ತುಕೊಂಡು ಕೇರಿಗೆ ಇಳಿದೆ, ಎರಡು ಸಲ ಜಾರಿದೆ. ಒತ್ತಡ ಪರೀಕ್ಷೆ ಮಾತ್ರ ಈ ಸಲ ಮೊದಲ ಯತ್ನಕ್ಕೇ ನಿಂತಿತು. ಮುಳ್ಳು ಬೆಳಗಿನವರೆಗೆ ಕದಲಲಿಲ್ಲ.

ನೀರು ಬಿಡುವ ದಿನ ಅರ್ಧ ಕೇರಿ ಕೆಳಗೆ ನಲ್ಲಿಗಳ ಹತ್ತಿರ, ಅರ್ಧ ಮೇಲೆ ತೊಟ್ಟಿಯ ಹತ್ತಿರ. ಒರತೆಯ ವಾಲ್ವನ್ನು ಯಜಮಾನರೇ ತಿರುಗಿಸಿದರು. ಪೈಪಿನಲ್ಲಿ ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು ಬೋಗುಣಿಗೆ ಬಿತ್ತು. ತೂತಿನಿಂದ ಇಳಿದ ಸಣ್ಣ ಧಾರೆ ಬಂಡೆಯ ಮೇಲೆ ಬಿದ್ದು, ಬಳೆಯ ಗುರುತುಗಳನ್ನೆಲ್ಲ ಒಂದೊಂದಾಗಿ ತುಂಬಿಕೊಂಡು, ಅಂಚು ದಾಟಿ ಕಲ್ಲಿನ ಸಾಲುಗಳ ಕಡೆಗೆ ಎಲೆಯಡಿಯಲ್ಲಿ ಮಾಯವಾಯಿತು. ಬೋಗುಣಿ ತುಂಬಿ ಅಂಚು ಮೀರಿ ತೊಟ್ಟಿಗೆ ನೀರು ಬೀಳುವ ಸದ್ದು ಕೇಳುವವರೆಗೆ ಎಲ್ಲರೂ ಕಾದರು.

ಅತ್ತೆ ಮಂಡಿ ಹಿಡಿದುಕೊಂಡೇ ಹತ್ತಿ ಬಂದಿದ್ದಳು. ಧಾರೆಗೆ ಅಂಗೈಯೊಡ್ಡಿ, ಒದ್ದೆ ಕೈಯನ್ನು ಸೊಸೆಯ ಹೊಟ್ಟೆಯ ಮೇಲಿಟ್ಟಳು. "ಕೊಟ್ಟಾಯ್ತು. ಇನ್ನು ನೀ ಹೊರೂದು ಬೇಡ. ನಡಿ, ಮನೆಗೆ ಹೋಗ್ವ" ಎಂದು ಕೋಲೂರಿ ಮುಂದೆ ನಡೆದಳು.

ಸೊಸೆ ಹೊರಟವಳು ನಾಲ್ಕು ಹೆಜ್ಜೆಗೇ ನಿಂತಳು. ಕೊಡಪಾನವಿಲ್ಲದಿದ್ದರೂ ಮೈ ಬಲಕ್ಕೆ ವಾಲಿತ್ತು, ಎಡಗೈ ಸೊಂಟದ ಹತ್ತಿರ ಖಾಲಿ ಗಾಳಿಯನ್ನು ಬಳಸಿ ಹಿಡಿದಿತ್ತು. ಅದನ್ನು ಇಳಿಸಿದಳು, ಮತ್ತೆ ಎತ್ತಿದಳು. ನನ್ನ ಕಡೆ ತಿರುಗಿ ನಾಚಿ ನಕ್ಕಳು.

"ಈ ದಾರೀಲಿ ಖಾಲಿ ಇಳಿದು ಗೊತ್ತೇ ಇಲ್ಲ ಅಕ್ಕೋರೆ. ಈ ಕೈ ಎಲ್ಲಿಡೂದು?"

ಇಳಿಜಾರಿತ್ತು, ಜಾರೀತೆಂದು ನಾನು ನನ್ನ ಭುಜ ಕೊಟ್ಟೆ. ಅವಳ ಕೈ ಅದರ ಮೇಲೆ ಕೂತಿತು. ಕೆಳಗೆ ನಲ್ಲಿಗೆ ನೀರು ಬಂತೆಂದು ಕೇರಿಯವರ ಕೂಗು ಕೇಳಿಸುತ್ತಿತ್ತು. ನಾವು ಅವಸರ ಮಾಡದೆ ಇಳಿದೆವು.